ಘಟಪ್ರಭೆಯನ್ನು ಎತ್ತುವ ಮನೆಗಳು

ಜೂನ್ ಕಳೆದು ಜುಲೈ ಹಿಡಿಯಿತೆಂದರೆ ಘಟಪ್ರಭೆಯ ದಂಡೆಯ ಊರುಗಳಲ್ಲಿ ಒಂದೇ ಮಾತು: ‘ಹೊಳಿ ಬರಾಕತ್ತೈತಿ.’ ಸಹ್ಯಾದ್ರಿಯಲ್ಲಿ ಮಳೆ ಜೋರಾಗಿದೆಯಂತೆ, ಹಿಡಕಲ್ ಆಣೆಕಟ್ಟಿನಿಂದ ನೀರು ಬಿಡುತ್ತಾರಂತೆ ಎಂಬ ಸುದ್ದಿ ಮುಟ್ಟಿದೊಡನೆ ರೈತರು ಮೊದಲು ಓಡುವುದು ಹೊಳೆಯ ಕಡೆಗೆ. ದಂಡೆಗೆ ಕೂರಿಸಿದ ಮೋಟಾರು ಬಿಚ್ಚಬೇಕು, ಸ್ಟಾರ್ಟರ್ ಡಬ್ಬಿ ಕಳಚಬೇಕು, ಪೈಪು ಸಡಿಲಿಸಬೇಕು, ಹಗ್ಗ ಕಟ್ಟಿ ನಾಲ್ಕಾರು ಜನ ಸೇರಿ ಎಳೆದು ಮೇಲಕ್ಕೆ ತರಬೇಕು. ಕೆಲವರು ಟ್ರ್ಯಾಕ್ಟರನ್ನೇ ದಂಡೆಗೆ ಇಳಿಸುತ್ತಾರೆ. ರಾತ್ರಿಯಾದರೆ ಬ್ಯಾಟರಿ ಬೆಳಕಿನಲ್ಲಿ ಈ ಕೆಲಸ. ಕೃಷ್ಣೆ, ಘಟಪ್ರಭೆಗಳ ದಂಡೆಯಲ್ಲಿ ಹೀಗೆ ಮೋಟಾರು ತರಲು ಹೋಗಿ ಸೆಳವಿಗೆ ಸಿಕ್ಕವರೂ ಉಂಟು.

ರೈತ ತನ್ನ ಪಂಪನ್ನು ಹೊತ್ತುಕೊಂಡು ಹೋಗಬಲ್ಲ. ಊರಿಗೆ ಕುಡಿಯುವ ನೀರು ಕೊಡುವ ಪಂಪ್‌ಹೌಸ್ ಎಲ್ಲಿಗೆ ಹೋದೀತು? ಹೊಳೆ ದಂಡೆ ಮೀರಿದ ವಾರದಲ್ಲಿಯೇ ಅದು ತಿರುಗುತ್ತಿರಬೇಕು. ಏಕೆಂದರೆ ಆ ವಾರ ಬಾವಿಗಳೆಲ್ಲ ಕೆಟ್ಟಿರುತ್ತವೆ. ಸುತ್ತಲೂ ನೀರಿದ್ದರೂ ಬಾಯಿಗೆ ಹಾಕುವ ನೀರಿಲ್ಲ. ಮತ್ತೆ ಮೇ ತಿಂಗಳಲ್ಲಿ ಹೊಳೆಯ ಬಂಡೆಗಳು ಬಿಸಿಲಿಗೆ ಬಿರಿಯುವಾಗಲೂ ಅದೇ ಪಂಪಿಗೆ ನೀರು ಸಿಗಬೇಕು. ಈ ಎರಡು ಕೆಟ್ಟ ದಿನಗಳನ್ನು ನೋಡಿಯೇ ಪಂಪ್‌ಹೌಸ್ ಕಟ್ಟಬೇಕಾದದ್ದು. ನಡುವಿನ ತಿಂಗಳುಗಳಲ್ಲಿ ಯಾವ ಪಂಪಾದರೂ ತಿರುಗೀತು.

ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲ್ಲೂಕುಗಳನ್ನು ಹೊಳೆಯ ಜೊತೆಗೆ ಇಳಿಯುತ್ತ ನೋಡಿದರೆ ಈ ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಹೋಗುವ ಪ್ರವಾಸಿಗಳಿಗೆ ಮಾತ್ರ ದಂಡೆಯ ಮೇಲಿನ ಆ ದುಂಡು ಕಟ್ಟಡಗಳು ಕಣ್ಣಿಗೆ ಬೀಳುವುದಿಲ್ಲ.

ಹಿಡಕಲ್‌ನ ಎರಡು ಮುಖ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಅವರ ಹೆಸರು ಇದಕ್ಕೆ. ತುಂಬಿದರೆ 51 ಟಿಎಂಸಿ ಅಡಿ ನೀರು, ಮಟ್ಟ 2175 ಅಡಿ. ಅಕ್ಟೋಬರಿನಲ್ಲಿ ಬಂದವರಿಗೆ ಕಾಣುವುದು ಗುಡ್ಡಗಳ ಕಾಲಿನವರೆಗೂ ಚಾಚಿದ ಸಮುದ್ರ. ಅದೇ ಜನ ಬೇಸಿಗೆಯಲ್ಲಿ ಬಂದರೆ ಬೇರೆಯೇ ಊರಿಗೆ ಬಂದೆವೇನೋ ಎನಿಸಬೇಕು. ನೀರು ಹತ್ತಾರು ಅಡಿ ಕೆಳಗಿಳಿದು ಕೆಸರಿನ ಬಯಲು ತೆರೆದುಕೊಂಡಿರುತ್ತದೆ. ವರ್ಷದ ಬಹುಕಾಲ ನೀರಿನೊಳಗೇ ಇರುವ ಹುನ್ನೂರಿನ ವಿಠ್ಠಲನ ಗುಡಿ ಆಗ ತಲೆ ಎತ್ತುತ್ತದೆ. ಭಕ್ತರು ಕಾಲುನಡಿಗೆಯಲ್ಲೇ ಹೋಗಿ ಕಾಯಿ ಒಡೆಸಿಕೊಂಡು ಬರುತ್ತಾರೆ.

ವಿಠ್ಠಲ ದರ್ಶನ ಕೊಟ್ಟಾಗ ಭಕ್ತರಿಗೆ ಸಂತೋಷ, ಪಂಪಿನವರಿಗೆ ಚಿಂತೆ. ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪದ ಜೊತೆಗೆ ನೀರು ಹೋಗುವುದು ಇದೇ ಹಿಡಕಲ್‌ನಿಂದ. ನೀರು ಮೇಲೆ ಇದ್ದಾಗಲೂ ತಳ ಸೇರಿದಾಗಲೂ ಎಳೆದುಕೊಳ್ಳಬೇಕಾದರೆ ಪಂಪನ್ನು ದಂಡೆಯ ಮೇಲಿಟ್ಟು ಪೈಪು ಇಳಿಬಿಟ್ಟರೆ ಸಾಲದು. ಪಂಪು ನೀರನ್ನು ‘ಹೀರುತ್ತದೆ’ ಎನ್ನುವುದೇ ಅರ್ಧ ತಪ್ಪು. ಪೈಪಿನೊಳಗೆ ಗಾಳಿ ತೆಳುವಾದಾಗ ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೆ. ಸಮುದ್ರಮಟ್ಟದಲ್ಲಿ ಆ ಒತ್ತಡ ತಳ್ಳಬಲ್ಲದ್ದು ಹೆಚ್ಚೆಂದರೆ 10 ಮೀಟರಿಗಿಂತ ತುಸು ಜಾಸ್ತಿ. ಹಿಡಕಲ್‌ನ ಎತ್ತರದಲ್ಲಿ ಅದೂ ಒಂದಿಷ್ಟು ಕಡಿಮೆ. ಪೈಪಿನ ಘರ್ಷಣೆ, ಸೋರಿಕೆ ಎಲ್ಲ ಕಳೆದರೆ ಕೆಲಸಕ್ಕೆ ಬರುವುದು ಆರೇಳು ಮೀಟರ್. ಅದನ್ನು ಮೀರಿದರೆ ನೀರು ಪಂಪಿನ ಒಳಗೇ ಕುದ್ದಂತೆ ಗುಳ್ಳೆಯಾಗಿ ಒಡೆಯತೊಡಗುತ್ತದೆ. ಒಳಗೆ ಯಾರೋ ಹಿಡಿ ಜಲ್ಲಿ ಹಾಕಿ ಅಲ್ಲಾಡಿಸಿದಂಥ ಸಪ್ಪಳ. ಅನುಭವವಿರುವ ಪಂಪ್ ಆಪರೇಟರ್ ಆ ಸಪ್ಪಳಕ್ಕೆ ನಿದ್ದೆಯಿಂದೆದ್ದು ಬರುತ್ತಾನೆ. ಬರದಿದ್ದರೆ ತಿಂಗಳೊಪ್ಪತ್ತಿನಲ್ಲಿ ಪಂಪಿನ ಚಕ್ರ ಹುಳು ತಿಂದ ಎಲೆಯಾಗುತ್ತದೆ.

ಅದಕ್ಕೇ ಜಾಕ್‌ವೆಲ್. ಅಂದರೆ ಜಲಾಶಯದ ಅಥವಾ ಹೊಳೆಯ ತಳಕ್ಕಿಂತಲೂ ಆಳಕ್ಕೆ ಇಳಿಸಿದ ದುಂಡನೆಯ ಕಾಂಕ್ರೀಟ್ ಬಾವಿ. ಬೇರೆಬೇರೆ ಎತ್ತರಗಳಲ್ಲಿ ಅದಕ್ಕೆ ಕಿಂಡಿಗಳು. ಮೇಲೆ ನೀರಿದ್ದಾಗ ಮೇಲಿನ ಕಿಂಡಿ ತೆರೆದು ತಿಳಿನೀರು ಪಡೆಯಬಹುದು, ಇಳಿದಾಗ ಕೆಳಗಿನದು. ಪಂಪಿನ ಚಕ್ರಗಳು ಬಾವಿಯ ತಳದಲ್ಲಿ ನೀರಿನಲ್ಲೇ ಮುಳುಗಿ ತಿರುಗುತ್ತವೆ. ಉದ್ದನೆಯ ದಂಡದ ತುದಿಗೆ ಮೋಟಾರು ಮಾತ್ರ ಮೇಲೆ, ಅಟ್ಟದ ಮೇಲೆ. ಕಾಲು ಬೇಸಿಗೆಯ ನೀರಿನಲ್ಲಿ, ತಲೆ ಮಹಾಪೂರದ ಮೇಲೆ! ಒಳ್ಳೆಯ ಜಾಕ್‌ವೆಲ್‌ನ ಗುಟ್ಟು ಇಷ್ಟೇ. ಕಾಲು ಎಷ್ಟು ಆಳ, ತಲೆ ಎಷ್ಟು ಎತ್ತರ ಎಂದು ನಿಶ್ಚಯಿಸುವುದರಲ್ಲಿಯೇ ಅರ್ಧ ವಿದ್ಯೆ ಮುಗಿಯುತ್ತದೆ.

ಇನ್ನರ್ಧ ಖರ್ಚಿನ ಲೆಕ್ಕ. ಬೆಳಗಾವಿ ಇರುವುದು ಸುಮಾರು 2500 ಅಡಿ ಎತ್ತರದಲ್ಲಿ. ತುಂಬಿದ ಹಿಡಕಲ್‌ಗಿಂತ ಮುನ್ನೂರು ಅಡಿ ಮೇಲೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದೇ ಜಿಗಿತಕ್ಕೆ ಏರಿಸಹೊರಟರೆ ಪೈಪು ತಡೆಯುವುದು ಕಷ್ಟ. ಅದಕ್ಕಾಗಿ ದಾರಿಯಲ್ಲಿ ತುಮ್ಮರಗುದ್ದಿ, ಕುಂದರಗಿಗಳಲ್ಲಿ ನಡುವಣ ಪಂಪಿಂಗ್ ಕೇಂದ್ರಗಳು, ಕೊನೆಗೆ ಬಸವನಕೊಳ್ಳದಲ್ಲಿ ಶುದ್ಧೀಕರಣ. ಹತ್ತು ಲಕ್ಷ ಲೀಟರ್ ನೀರನ್ನು 100 ಮೀಟರ್ ಎತ್ತಲು ಲೆಕ್ಕದ ಪ್ರಕಾರ ಬೇಕಾದ ವಿದ್ಯುತ್ ಸುಮಾರು 270 ಯೂನಿಟ್. ಪಂಪು, ಮೋಟಾರುಗಳ ನಷ್ಟ ಸೇರಿದರೆ ಅದು 400ರ ಹತ್ತಿರ ಬರುತ್ತದೆ. ಪೈಪಿನ ಖರ್ಚು ಉಳಿಸಲು ಸಣ್ಣ ಪೈಪು ಹಾಕಿದರೋ, ನೀರಿನ ವೇಗ ಇಮ್ಮಡಿಯಾದರೆ ಘರ್ಷಣೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಟೆಂಡರಿನಲ್ಲಿ ಒಮ್ಮೆ ಉಳಿಸಿದ್ದನ್ನು ಕರೆಂಟ್ ಬಿಲ್ಲಿನಲ್ಲಿ ಮೂವತ್ತು ವರ್ಷ ತೆರಬೇಕು. ಊರವರ ನೀರಿನ ಕರದಲ್ಲಿ ದೊಡ್ಡ ಪಾಲು ಹೀಗೆ ನೀರನ್ನು ಎತ್ತುವುದಕ್ಕೇ ಹೋಗುತ್ತದೆ. ನಲ್ಲಿ ತಿರುಗಿಸುವಾಗ ಇದು ಯಾರ ನೆನಪಿಗೂ ಬರುವುದಿಲ್ಲ.

ಸಹಕಾರಿ ಕರೆಂಟು

ಹುಕ್ಕೇರಿಯ ಹಳೆಯ ಗುಮ್ಮಟಗಳು ಆದಿಲ್‌ಶಾಹಿ ಕಾಲದವು. ಆ ಕಾಲದ ವಿಜಯಪುರದಲ್ಲಿ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದು, ಗಂಜ್ ಎಂಬ ಗೋಪುರಗಳಲ್ಲಿ ಒತ್ತಡ ಹಂಚಿ ಊರಿಗೆಲ್ಲ ಕೊಟ್ಟಿದ್ದರು. ಪಂಪಿಲ್ಲ, ಬರೀ ಇಳಿಜಾರು. ಹೊಲಗಳಲ್ಲಿಯಾದರೆ ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತುವ ಕಪಿಲೆ. ಎತ್ತಿಗೆ ಸುಸ್ತಾದರೆ ನೀರು ನಿಂತಿತು.

ಎತ್ತಿನ ಜಾಗಕ್ಕೆ ಕರೆಂಟು ಬಂದ ಕಥೆ ಹುಕ್ಕೇರಿಯಲ್ಲಿ ಸ್ವಲ್ಪ ಬೇರೆ. ಅಮೆರಿಕದ ಹಳ್ಳಿಗಳ ವಿದ್ಯುತ್ ಸಹಕಾರ ಸಂಘಗಳ ಮಾದರಿಯಲ್ಲಿ ದೇಶದಲ್ಲಿ ಮೊದಲು ಐದು ಸಂಘಗಳನ್ನು ಪ್ರಯೋಗಕ್ಕೆಂದು ಸ್ಥಾಪಿಸಿದಾಗ, ಅವುಗಳಲ್ಲೊಂದು 1969ರಲ್ಲಿ ಹುಕ್ಕೇರಿಗೆ ಬಂತು. ಇಂದಿಗೂ ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಸಹಕಾರ ಸಂಘ ಅದೊಂದೇ. ಕಂಬ, ತಂತಿ, ಮೀಟರು, ದೂರು ಎಲ್ಲಕ್ಕೂ ಜನ ಹೋಗುವುದು ‘ಸೊಸಾಯಿಟಿ’ಗೆ. ಇದರ ಜೊತೆಗೆ ಇನ್ನೊಂದನ್ನು ಹೇಳದಿದ್ದರೆ ಬೆಳಗಾವಿ ಜಿಲ್ಲೆಯವರು ಬಿಟ್ಟಾರೆಯೇ? ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡುತ್ತ, 1910ರಲ್ಲಿ ಔಂಧ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಸಂಸ್ಥೆಯ ಮೊದಲ ಸೆಂಟ್ರಿಫ್ಯೂಗಲ್ ಪಂಪು 1926ರಲ್ಲಿ ಹೊರಬಂತು. ಈಗ ಈ ಭಾಗದ ಹೊಲಗಳಲ್ಲಿ ಗುನುಗುಡುವ ಎಷ್ಟೋ ಪಂಪುಗಳ ವಂಶವೃಕ್ಷದ ಬೇರು ಇಲ್ಲಿಯದೇ.

ಕರೆಂಟು ಬರುವುದಕ್ಕಿಂತ ಹೋಗುವುದೇ ಪಂಪ್‌ಹೌಸಿಗೆ ಹೆಚ್ಚು ಅಪಾಯ. ಮೈಲುಗಟ್ಟಲೆ ಏರು ಪೈಪಿನಲ್ಲಿ ನೂರಾರು ಟನ್ ನೀರು ಮೇಲಕ್ಕೆ ಓಡುತ್ತಿರುವಾಗ ತಟ್ಟನೆ ಮೋಟಾರು ನಿಂತರೆ? ನೀರು ಕ್ಷಣ ನಿಂತು, ಹಿಂದಕ್ಕೆ ಉರುಳಿ, ಮುಚ್ಚಿದ ವಾಲ್ವಿಗೆ ಬಂದು ಅಪ್ಪಳಿಸುತ್ತದೆ. ಪೈಪು ಒಡೆದು ಹೊಲದಲ್ಲಿ ಕಾರಂಜಿ ಎದ್ದಿತೆಂಬ ಸುದ್ದಿಗಳಲ್ಲಿ ಅನೇಕಕ್ಕೆ ಕಾರಣ ಈ ಪೆಟ್ಟೇ. ಪೈಪು ಹಳೆಯದಾಗಿತ್ತು ಎಂದು ಕೈತೊಳೆದುಕೊಳ್ಳುವುದು ಮಾತ್ರ ರೂಢಿ. ಪೆಟ್ಟನ್ನು ತಾಳಿಕೊಳ್ಳಲು ಪಂಪ್‌ಹೌಸಿನ ಪಕ್ಕ ಗಾಳಿ ತುಂಬಿದ ದೊಡ್ಡ ಉಕ್ಕಿನ ಪಾತ್ರೆ ಇಡುತ್ತಾರೆ. ಗಾಳಿ ದಿಂಬಿನಂತೆ ಕುಗ್ಗಿ ಹಿಗ್ಗಿ ನೀರನ್ನು ಸಮಾಧಾನಪಡಿಸುತ್ತದೆ. ಪಂಪುಗಳಲ್ಲಿಯೂ ಒಂದು ಹೆಚ್ಚಿನದು ಸುಮ್ಮನೆ ಕೂತಿರಬೇಕು, ಒಂದು ಕೆಟ್ಟರೆ ಇನ್ನೊಂದು. ಕಾಗದದ ಮೇಲೆ ಎಲ್ಲ ಕಡೆಯೂ ಹಾಗೆಯೇ ಇರುತ್ತದೆ. ಹೆಚ್ಚಿನ ಪಂಪು ರಿಪೇರಿಗೆ ಹೋಗಿ ಎಷ್ಟು ತಿಂಗಳಾಯಿತು ಎಂಬುದು ಕಾಗದದಲ್ಲಿ ಇರುವುದಿಲ್ಲ.

ಬಿದ್ದ ನೀರಿನ ಬೆಲೆ

ಹಿಡಕಲ್‌ನಿಂದ ಕೆಳಗೆ ಹಿರಣ್ಯಕೇಶಿಯ ನೀರನ್ನೂ ಕೂಡಿಸಿಕೊಂಡು ಘಟಪ್ರಭೆ ಧೂಪದಾಳಕ್ಕೆ ಬರುತ್ತದೆ. ಇಲ್ಲಿಯ ಒಡ್ಡು 1897ರದು. ಎಡದಂಡೆ ಕಾಲುವೆ ಇಲ್ಲಿಂದಲೇ ಹೊರಡುತ್ತದೆ, ಒಂದು ಪಂಪೂ ಇಲ್ಲದೆ. ಒಡ್ಡಿನ ಹಿಂದಿನ ನೀರಿನಲ್ಲಿ ಈಗ ಪಕ್ಷಿಧಾಮ.

ಸ್ವಲ್ಪ ಮುಂದೆ ಗೋಕಾಕ ಫಾಲ್ಸ್. 52 ಮೀಟರ್ ಎತ್ತರದಿಂದ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ ಹೊಳೆ ಧುಮುಕುತ್ತದೆ. ಮಳೆಗಾಲದ ಕೆಂಪು ನೀರು, ತೂಗುಸೇತುವೆ, ಚಾಲುಕ್ಯ ಕಾಲದ ಗುಡಿ ಇವೆಲ್ಲದರ ವರ್ಣನೆ ಬೇಕಾದಷ್ಟು ಬಂದಿದೆ. ಕಡಿಮೆ ಜನ ನೋಡುವುದು ಪಕ್ಕದ ಗಿರಣಿಯ ಲೆಕ್ಕಾಚಾರವನ್ನು. 1885ರಲ್ಲಿ ಕಂಪನಿ ಕಟ್ಟಿ 1887ರಲ್ಲಿ ಗಿರಣಿ ಶುರುಮಾಡಿದವರು ಹತ್ತಿ ಬೆಳೆಯುವ ಊರೆಂದಷ್ಟೇ ಇಲ್ಲಿಗೆ ಬಂದವರಲ್ಲ, ನೀರು ಬೀಳುವ ಜಾಗವೆಂದು ಬಂದವರು. ಜಲಪಾತದ ಬುಡದಲ್ಲಿ ಟರ್ಬೈನು ಕೂರಿಸಿ, ಅದರ ತಿರುಗುವ ಬಲವನ್ನು ಹಗ್ಗಗಳ ಮೂಲಕ ಮೇಲಿನ ಗಿರಣಿಗೆ ಮುಟ್ಟಿಸಿದರು. ಆಮೇಲೆ ಹಗ್ಗದ ಬದಲು ವಿದ್ಯುತ್ ತಂತಿ.

ಟರ್ಬೈನೆಂದರೆ ಮತ್ತೇನಲ್ಲ, ಉಲ್ಟಾ ತಿರುಗುವ ಪಂಪು. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಇಲ್ಲಿ ಬಿದ್ದರೆ 500 ಕಿಲೋವ್ಯಾಟಿನಷ್ಟು ಶಕ್ತಿ. ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ವಾಪಸು ಏರಿಸಬೇಕೆಂದರೆ ಅದನ್ನಷ್ಟೂ ಕೊಟ್ಟು ಮೇಲೆ ಇನ್ನಷ್ಟು ಬಡ್ಡಿ ಕಟ್ಟಬೇಕು. ಫಾಲ್ಸಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆ ಪಂಪ್‌ಹೌಸಿನ ಖರ್ಚು ಯಾರೂ ಹೇಳಿಕೊಡದೆ ಅರ್ಥವಾದೀತು.

ಎರಡು ಹೊಳೆಗಳ ನಡುವಿನ ಊರು

ಫಾಲ್ಸಿನಿಂದ ಆರು ಕಿಲೋಮೀಟರಿಗೆ ಗೋಕಾಕ ಪಟ್ಟಣ. ಹಿಂದೆ ಗುಡ್ಡ, ಮುಂದೆ ಘಟಪ್ರಭೆ, ಮಗ್ಗುಲಲ್ಲಿ ಗೊಡಚಿನಮಲ್ಕಿಯ ಜಲಪಾತ ಇಳಿದು ಬರುವ ಮಾರ್ಕಂಡೇಯ. ಎರಡೂ ಹೊಳೆಗಳು ಕೂಡುವುದು ಊರಿನ ಹತ್ತಿರವೇ. ಇದರ ಪರಿಣಾಮ 2019ರ ಆಗಸ್ಟ್‌ನಲ್ಲಿ ಕಂಡಿತು. ಹಿಡಕಲ್‌ನಿಂದ ಬಿಟ್ಟ ನೀರು, ಹಿರಣ್ಯಕೇಶಿಯ ನೀರು, ಮಾರ್ಕಂಡೇಯದ ನೀರು ಒಟ್ಟಿಗೇ ಬಂದು ತಗ್ಗಿನ ಗಲ್ಲಿಗಳೆಲ್ಲ ಮುಳುಗಿದವು. ಲೋಳಸೂರ ಸೇತುವೆ ನೀರಿನಡಿ ಹೋಯಿತು. 2021ರಲ್ಲಿ, 2024ರಲ್ಲಿ ಮತ್ತೆ ಅದೇ ಸೇತುವೆ ಮುಳುಗಿತು. ಸಂಸಾರದ ಸಾಮಾನು ಹೊತ್ತು ಗಂಜಿ ಕೇಂದ್ರ ಸೇರಿದವರಿಗೆ ಮೂರು ವರ್ಷಗಳ ಲೆಕ್ಕ ಬಾಯಿಪಾಠ.

ಇಂಥ ಊರಿನಲ್ಲಿ ಹೊಳೆ ದಂಡೆ ಮೀರುವುದಕ್ಕೆ ಮೊದಲೇ ಮನೆಯೊಳಗೆ ನೀರು ಬರುವುದುಂಟು. ಅದು ಬರುವುದು ಗಟಾರದಿಂದ. ಮಳೆನೀರು ಹೊಳೆಗೆ ಹೋಗಲೆಂದು ಕಟ್ಟಿದ ಗಟಾರದ ಬಾಯಿಗಿಂತ ಹೊಳೆಯ ಮಟ್ಟ ಮೇಲಾದೊಡನೆ ನೀರು ಹಿಮ್ಮುಖವಾಗಿ ಊರೊಳಗೆ ಹರಿಯುತ್ತದೆ. ಇದಕ್ಕೆ ಮದ್ದು ದೊಡ್ಡದೇನಲ್ಲ. ಗಟಾರದ ಬಾಯಿಗೆ ಹೊರಕ್ಕೆ ಮಾತ್ರ ತೆರೆಯುವ ಕಬ್ಬಿಣದ ಕದ. ಹೊಳೆ ಏರಿದರೆ ಅದೇ ನೀರಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಆದರೆ ಕದ ಮುಚ್ಚಿದ ಮೇಲೆ ಊರೊಳಗೆ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ಅದನ್ನು ಎತ್ತಿ ಹೊಳೆಗೆ ಎಸೆಯುವ ಪಂಪು ಬೇಕು. ಕುಡಿಯುವ ನೀರಿನ ಪಂಪಿಗಿಂತ ಇದರ ಜಾತಿಯೇ ಬೇರೆ. ಎತ್ತುವ ಎತ್ತರ ಕೆಲವೇ ಮೀಟರ್, ನೀರಿನ ಗಾತ್ರ ಮಾತ್ರ ಅಪಾರ, ಅದರೊಳಗೆ ಮಣ್ಣು, ಎಲೆ, ಪ್ಲಾಸ್ಟಿಕ್ಕು. ವರ್ಷದಲ್ಲಿ ನಾಲ್ಕಾರು ದಿನ ಬಿಟ್ಟರೆ ಇದಕ್ಕೆ ಕೆಲಸವೂ ಇಲ್ಲ. ಕೆಲಸವಿಲ್ಲದ ಯಂತ್ರವನ್ನು ನೋಡುವವರಾರು! ಇಲಿ ತಂತಿ ಕಡಿದಿರುತ್ತದೆ, ಬೇರಿಂಗು ತುಕ್ಕು ಹಿಡಿದಿರುತ್ತದೆ, ಡೀಸೆಲ್ ತೊಟ್ಟಿ ಬರಿದಾಗಿರುತ್ತದೆ. ಆ ಪಂಪನ್ನು ಬೇಸಿಗೆಯುದ್ದಕ್ಕೂ ತಿಂಗಳಿಗೊಮ್ಮೆ ತಿರುಗಿಸಿ ನೋಡಲು ಒಬ್ಬನನ್ನು ನೇಮಿಸುವುದು ಹೊಸ ಪಂಪು ಕೊಳ್ಳುವುದಕ್ಕಿಂತ ಅಗ್ಗ. ಆದರೆ ಹೊಸ ಪಂಪಿಗೆ ಉದ್ಘಾಟನೆ ಇರುತ್ತದೆ.

ಮೂರನೆಯದು ಹೊಲಸು ನೀರು. ಒಳಚರಂಡಿ ಪೈಪು ಇಳಿಜಾರಿನಲ್ಲೇ ಹೋಗಬೇಕು. ನೀರು ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ವೇಗದಲ್ಲಿ ಹರಿಯದಿದ್ದರೆ ಹೊಲಸು ತಳಕ್ಕೆ ಕೂರುತ್ತದೆ. 250 ಮೀಟರಿಗೆ ಒಂದು ಮೀಟರಿನಂತೆ ಇಳಿಸುತ್ತ ಹೋದರೂ ಒಂದು ಕಿಲೋಮೀಟರಿನಲ್ಲಿ ಪೈಪು ನಾಲ್ಕು ಮೀಟರ್ ಆಳಕ್ಕೆ ಸೇರಿತು. ಗೋಕಾಕದಂಥ ಕಲ್ಲುನೆಲದಲ್ಲಿ ಇನ್ನೂ ತೋಡುತ್ತ ಹೋಗುವಂತಿಲ್ಲ. ಅಲ್ಲೊಂದು ಬಾವಿ, ಅದರೊಳಗೊಂದು ಪಂಪು. ಬಾವಿ ತೀರ ಸಣ್ಣದಾದರೆ ಮೋಟಾರು ಗಳಿಗೆಗೊಮ್ಮೆ ಶುರುವಾಗಿ ನಿಂತು ಸುಟ್ಟುಹೋಗುತ್ತದೆ. ದೊಡ್ಡದಾದರೆ ಹೊಲಸು ಅರ್ಧ ತಾಸಿಗಿಂತ ಹೆಚ್ಚು ನಿಂತು ಕೊಳೆತು, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಏಳುತ್ತದೆ. ಆ ಅನಿಲ ಕಾಂಕ್ರೀಟನ್ನೂ ತಿನ್ನುತ್ತದೆ, ಒಳಗಿಳಿದ ಮನುಷ್ಯನನ್ನೂ ಕ್ಷಣದಲ್ಲಿ ಕೆಡವುತ್ತದೆ. ಪಂಪಿನ ಬಾಯಿಗೆ ಬಟ್ಟೆ ಸಿಕ್ಕಿಕೊಂಡಿತೆಂದು ಹಗ್ಗ ಕಟ್ಟಿ ಇಳಿಸಿದ ಕೂಲಿಕಾರ, ಅವನನ್ನು ಎತ್ತಲು ಇಳಿದ ಇನ್ನೊಬ್ಬ, ಹೀಗೆ ಒಂದೇ ಗುಂಡಿಯಲ್ಲಿ ಸತ್ತವರ ಸುದ್ದಿ ದೇಶದಲ್ಲಿ ನಿಂತಿಲ್ಲ. 2013ರ ಕಾಯ್ದೆ ಇದನ್ನು ತಡೆಯಲೆಂದೇ ಬಂದದ್ದು. ಆದರೆ ಕಾಯ್ದೆಗಿಂತ ಮೊದಲು ನಕ್ಷೆಯಲ್ಲಿ ಕೆಲಸವಾಗಬೇಕು. ಕಸ ಹಿಡಿಯುವ ಜಾಲರಿ ಮೇಲಿನಿಂದಲೇ ಎತ್ತಿ ತೊಳೆಯುವಂತಿದ್ದು, ಪಂಪು ಸರಪಳಿಗೆ ಸಿಕ್ಕಿ ಹಳಿಯ ಮೇಲೆ ಜಾರಿ ಹೊರಬರುವಂತಿದ್ದರೆ ಯಾರೂ ಇಳಿಯಬೇಕಾಗಿಲ್ಲ. ಮನುಷ್ಯ ಇಳಿಯಲೇಬೇಕಾದ ಬಾವಿಯ ನಕ್ಷೆಗೆ ಸಹಿ ಹಾಕಿದವನು ಆ ಸಾವಿಗೂ ಅಷ್ಟರಮಟ್ಟಿಗೆ ಸಹಿ ಹಾಕಿದಂತೆ.

ಪಂಪ್‌ಹೌಸಿನ ಮೋಟಾರುಗಳು, ಕರೆಂಟಿನ ಪ್ಯಾನೆಲ್ಲುಗಳು ಎಷ್ಟು ಎತ್ತರದಲ್ಲಿರಬೇಕೆಂದು ಗೋಕಾಕದಲ್ಲಿ ಕೇಳಲು ದೊಡ್ಡ ಕಚೇರಿಗೆ ಹೋಗಬೇಕಿಲ್ಲ. ಹಳೆಯ ಗಲ್ಲಿಯ ಯಾವುದೇ ಮನೆಯ ಹಿರಿಯರನ್ನು ಕೇಳಿದರೆ 2019ರ ನೀರು ಎಲ್ಲಿಗೆ ಬಂದಿತ್ತೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಆ ಗುರುತು ಹಳೆಯ ದಾಖಲೆಯ ಅಂಕಿಗಿಂತ ಮೇಲಿದ್ದರೆ ನಂಬಬೇಕಾದದ್ದು ಗೋಡೆಯನ್ನೇ, ಅದರ ಮೇಲೆ ಇನ್ನೊಂದು ಮೀಟರ್ ಸೇರಿಸಿ. ಪಂಪ್‌ಹೌಸಿನ ಕಟ್ಟಡದ ಆಯುಷ್ಯ ಮೂವತ್ತು ವರ್ಷ, ಪಂಪಿನದು ಹದಿನೈದು ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಮೂವತ್ತು ವರ್ಷದಲ್ಲಿ ಹೊಳೆ ಎಷ್ಟು ಸಲ ಬರುವುದೋ!

ಕಾಲುವೆಯ ಕೊನೆಗೆ

ಗೋಕಾಕ ದಾಟಿ ಅರಭಾವಿಯ ಮೇಲೆ ಮೂಡಲಗಿಯತ್ತ ಹೊರಟರೆ ಗುಡ್ಡಗಳು ಹಿಂದೆ ಸರಿದು ಕಪ್ಪುನೆಲ ಹರವಿಕೊಳ್ಳುತ್ತದೆ. ಕಬ್ಬು, ಮತ್ತೆ ಕಬ್ಬು. ಗೋಕಾಕ ತಾಲ್ಲೂಕಿನಿಂದ ಬೇರೆಯಾದ ಈ ಹೊಸ ತಾಲ್ಲೂಕಿಗೆ ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಧೂಪದಾಳದಿಂದ ಬಂದ ಎಡದಂಡೆ ಕಾಲುವೆ. ಹೊಳೆ ಬಂದಾಗ ಸುಣಧೋಳಿ, ಅವರಾದಿಗಳ ಸೇತುವೆಗಳು ಮುಳುಗುತ್ತವೆ. ಕಾಲುವೆ ನಿಂತಾಗ ಗಂಟಲು ಒಣಗುತ್ತದೆ. ನೀರು ಹೆಚ್ಚಾದ ಹೊಲಗಳಲ್ಲಿ ಉಪ್ಪು ಮೇಲೆದ್ದು ಸವಳು-ಜವಳು. ಅಲ್ಲಿಯೂ ಬೇಕಾದದ್ದು ನೀರು ಹೊರಹಾಕುವ ದಾರಿಯೇ.

ಇಲ್ಲಿಯ ಪಂಪ್‌ಹೌಸಿನ ಲೆಕ್ಕ ದಿನದ್ದಲ್ಲ, ತಿಂಗಳಿನದು. ಕಾಲುವೆ ಸದಾ ಹರಿಯದು. ಹರಿಯುವಾಗ ಕೆರೆಗೋ ಕಟ್ಟಿದ ಹೊಂಡಕ್ಕೋ ತುಂಬಿಸಿಕೊಂಡು, ನಿಂತಾಗ ಅಲ್ಲಿಂದ ಎತ್ತಬೇಕು. ಹತ್ತು ಸಾವಿರ ಜನರ ಊರಿಗೆ ಪಟ್ಟಣದ ಅಳತೆಯಂತೆ ತಲೆಗೆ ದಿನಕ್ಕೆ 135 ಲೀಟರ್ ಎಂದರೆ ದಿನಕ್ಕೆ 13.5 ಲಕ್ಷ ಲೀಟರ್. ಒಂದು ತಿಂಗಳಿಗೆ ನಾಲ್ಕು ಕೋಟಿ, ಬಿಸಿಲು ಕುಡಿಯುವುದು ಬೇರೆ. ಹಳ್ಳಿಗಳಿಗೆ ಜಲ ಜೀವನ ಮಿಷನ್ ಇಟ್ಟುಕೊಂಡ ಅಳತೆ 55 ಲೀಟರ್. ಪಂಪು ಎಷ್ಟೇ ಚೆನ್ನಾಗಿರಲಿ, ಹೊಂಡ ಸಣ್ಣದಿದ್ದರೆ ಎತ್ತುವುದು ಕೆಸರನ್ನೇ.

ಹೊಂಡ ತುಂಬಲು ಬೇಸಿಗೆಯಲ್ಲಿ ಹಿಡಕಲ್‌ನಿಂದ ಕುಡಿಯುವ ನೀರಿಗೆಂದು ಕಾಲುವೆಗೂ ಹೊಳೆಗೂ ನೀರು ಬಿಡುತ್ತಾರೆ. ಆ ನೀರು ಕೊನೆಯವರೆಗೆ ಮುಟ್ಟಬೇಕಲ್ಲ! ದಾರಿಯುದ್ದಕ್ಕೂ ಸಾವಿರಾರು ಪಂಪುಗಳು ಬಾಯಿ ತೆರೆದು ಕುಳಿತಿರುತ್ತವೆ, ಹೊಲದಲ್ಲಿ ಕಬ್ಬು ಒಣಗುತ್ತಿರುತ್ತದೆ. ಅದಕ್ಕೇ ಆ ದಿನಗಳಲ್ಲಿ ದಂಡೆಯ ಪಂಪ್‌ಸೆಟ್ಟುಗಳಿಗೆ ಕರೆಂಟು ತೆಗೆಯುವ ಕ್ರಮ ಇಲ್ಲಿ ರೂಢಿಗೆ ಬಂದಿದೆ. ಮೇಲಿನ ಊರಿನವರಿಗೆ ಸಿಟ್ಟು, ಕೊನೆಯ ಊರಿನವರಿಗೆ ಕಾತರ. ಯಾರ ತಪ್ಪೂ ಅಲ್ಲ. ಬೆಳೆ ಒಣಗುವುದನ್ನು ನೋಡುತ್ತ ಹರಿಯುವ ನೀರಿನ ಪಕ್ಕ ಸುಮ್ಮನೆ ನಿಲ್ಲುವುದು ಸಣ್ಣ ಕಷ್ಟವಲ್ಲ.

ರಾತ್ರಿ ಕಾಲುವೆಯ ಏರಿಯ ಮೇಲೆ ಮೋಟಾರುಗಳ ಸದ್ದು ಅಡಗಿರುತ್ತದೆ. ಜೂನಿನಲ್ಲಿ ಮತ್ತೆ ಹೊಳೆಯಿಂದ ಬಿಚ್ಚಿ ಎಳೆದು ತರಬೇಕಾದ ಅವೇ ಮೋಟಾರುಗಳು, ಗೋಣಿಚೀಲ ಹೊದ್ದು ದಂಡೆಯ ಮೇಲೆ ಕೂತಿರುತ್ತವೆ. ನೀರು ಅವುಗಳ ಪಕ್ಕದಲ್ಲೇ ಕತ್ತಲೆಯಲ್ಲಿ ಸರಿದು ಮೂಡಲಗಿಯ ಕಡೆಗೆ ಹೋಗುತ್ತದೆ. ಅಲ್ಲಿ ಹೊಂಡದ ಕಟ್ಟೆಯ ಮೇಲೆ ಪಂಪ್ ಆಪರೇಟರ್ ಬ್ಯಾಟರಿ ಹಿಡಿದು, ನೀರಿನ ಅಳತೆಗೆ ಬರೆದ ಗೆರೆಗಳಲ್ಲಿ ಎಷ್ಟು ಮುಳುಗಿದವೆಂದು ನೋಡುತ್ತ ಕಾಯುತ್ತಿರುತ್ತಾನೆ.